ತಳ ಕಾಣದ ಬ್ಯಾಟರಿ

ಪರದೆ ಕತ್ತಲಾದಾಗ ಶರಣನ ಮನೆಯಲ್ಲಿ ಅತಿಥಿ ಎಲೆಯ ಮುಂದೆ ಕೂತಿದ್ದ. ಕಾಲಿಗೆ ನೀರು ಕೊಟ್ಟಾಗಿತ್ತು, ಎಲೆಗೆ ನೀರು ಚಿಮುಕಿಸಿಯೂ ಆಗಿತ್ತು. ಒಳಗೆ ಶರಣನ ಹೆಂಡತಿ ಮಡಕೆಯ ಮುಚ್ಚಳ ತೆಗೆದು ನೋಡಿದಳು. ಸೀದ ನಾಲ್ಕು ಅಗುಳು ಬಿಟ್ಟರೆ ಏನೂ ಇರಲಿಲ್ಲ. ಅವಳು ಮಡಕೆ ಮುಚ್ಚಿ ಸೆರಗು ಬಿಗಿದಳು. ಆಮೇಲೆ ಏನು ಮಾಡಿದಳು ಎಂಬುದು ಮುಂದಿನ ಪದ್ಯದಲ್ಲಿತ್ತು.

ಆ ಪದ್ಯಕ್ಕಾಗಿ ಕೊಟ್ರಪ್ಪನವರು ಕೀಲಿ ಒತ್ತಿದರು. ಲ್ಯಾಪ್‌ಟಾಪಿನ ಮೂಲೆಯಲ್ಲಿ ಬ್ಯಾಟರಿಯ ಅಂಕಿ ಐವತ್ತೆರಡು ಎಂದು ತೋರಿಸುತ್ತಿತ್ತು. ಅಂಕಿ, ಅಕ್ಷರ, ಬೆಳಕು ಎಲ್ಲ ಒಟ್ಟಿಗೇ ಹೋದವು.

ಉತ್ತರಹಳ್ಳಿಯ ಆ ಪುಟ್ಟ ಭವನದಲ್ಲಿ ಶ್ರಾವಣದ ಪ್ರತಿ ಸೋಮವಾರ ಸಂಜೆ ಶರಣರ ಪುರಾಣ ಓದುವುದು ವಾಡಿಕೆ. ಒಂದು ಸಂಜೆಗೆ ಒಂದು ಸಂಧಿ, ಎಂದರೆ ಒಂದು ಅಧ್ಯಾಯ. ಆ ದಿನ ಪ್ರಾರ್ಥನೆಯ ಹೊತ್ತಿಗೇ ಕರೆಂಟು ಹೋಗಿತ್ತು. ರಸ್ತೆ ಅಗೆದು ಕೇಬಲ್ ಹಾಕುತ್ತಿದ್ದ ಕಾರಣ ಹಾಗೆ ಹೋಗುವುದು ಹೊಸದಾಗಿರಲಿಲ್ಲ. ಭವನದ ಮುದಿ ಇನ್ವರ್ಟರಿಗೆ ಎರಡು ಟ್ಯೂಬ್‌ಲೈಟ್ ಹೊರುವಷ್ಟೇ ತ್ರಾಣ. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯ ಮೇಲೆಯೇ ನಡೆದಿತ್ತು. ಅರ್ಧಕ್ಕಿಂತ ಹೆಚ್ಚು ಉಳಿದಿದೆ ಎಂದು ಪಕ್ಕದವರು ಅಂಕಿ ನೋಡಿ ಹೇಳಿದ್ದರಿಂದ, ಸಂಧಿ ಮುಗಿಯುತ್ತದೆ ಎಂದುಕೊಂಡು ಕೊಟ್ರಪ್ಪನವರು ಒಂದೊಂದು ಪದ್ಯಕ್ಕೂ ಅರ್ಥ ಬಿಡಿಸುತ್ತ ಸಾವಧಾನವಾಗಿ ಓದುತ್ತಿದ್ದರು.

"ಏನಾಯ್ತು?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

"ನಿಂತೋಯ್ತು," ಎಂದರು ಕೊಟ್ರಪ್ಪನವರು.

"ನಿಂತೋಯ್ತು ಅಂದ್ರೆ?" ಮುಂದಿನ ಚಾಪೆಯಿಂದ ಮಂಗಮ್ಮ ಕತ್ತು ಚಾಚಿದರು. ಮಂಗಮ್ಮ ಉತ್ತರಹಳ್ಳಿಯ ಹಳೇ ಊರಿನವರು. ಭವನದ ಪಕ್ಕದಲ್ಲಿ ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಅವರದೇ ಮೂರಂತಸ್ತಿನ ಬಾಡಿಗೆ ಮನೆಗಳಿದ್ದವು. "ಊಟಕ್ಕಿಕ್ಕಿದ್ಲಾ ಇಲ್ವಾ ಆ ಯಮ್ಮ?"

"ಮುಂದಿನ ಪದ್ಯದಲ್ಲಿದೆ, ಮಂಗಮ್ನೋರೆ."

"ಅದನ್ನೇ ಬಾಯಲ್ಲಿ ಹೇಳ್ಬುಡಿ. ನಿಮಗೆ ಗೊತ್ತಿಲ್ದೇ ಇರುತ್ತಾ?"

ಗೊತ್ತಿತ್ತು. ಆದರೆ ಓದುವ ಪೀಠದಲ್ಲಿ ಕೂತವನು ಗ್ರಂಥ ನೋಡದೆ ಹೇಳಬಾರದೆಂಬುದು ಅವರ ಗುರುಗಳು ಹಾಕಿಕೊಟ್ಟ ಕಟ್ಟಳೆ. "ನೆನಪು ಹಾಲಿಗೆ ನೀರು ಬೆರೆಸುತ್ತೆ ಮಂಗಮ್ನೋರೆ. ಬೆರೆಸಿದ್ದು ಬೆರೆಸಿದೋನಿಗೇ ಗೊತ್ತಾಗಲ್ಲ," ಎಂದರು.

"ಹಂಗಾದ್ರೆ ಅವನು ಬರೋ ಸೋಮ್ವಾರದ ಗಂಟ ಎಲೆ ಮುಂದೇನೇ ಕೂತಿರ್ಬೇಕಾ? ಶಿವ್ ಶಿವಾ! ಇವತ್ತು ನಾನೆಂಗೆ ಉಣ್ಣೋದು?"

ಜನ ನಕ್ಕರು. ಕೊಟ್ರಪ್ಪನವರಿಗೆ ನಗು ಬರಲಿಲ್ಲ. ಸಂಧಿಯನ್ನು ನಡುವೆ ಮುರಿಯಬಾರದು ಎಂದು ಆ ಭವನದಲ್ಲಿ ಎಲ್ಲರಿಗೂ ಹೇಳಿಕೊಟ್ಟವರು ಅವರೇ.

ಕರೆಂಟು ಬರಬಹುದೆಂದು ಸ್ವಲ್ಪ ಹೊತ್ತು ಕಾದರು. ಬರಲಿಲ್ಲ. ಮಂಗಳಾರತಿ ಎತ್ತಿ ಜನ ಚಪ್ಪಲಿ ಹುಡುಕುವಾಗ ಸೋಮನಾಥ್ ಹತ್ತಿರ ಬಂದು ಕೂತರು. ಉತ್ತರಹಳ್ಳಿ ಮುಖ್ಯರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವರು. ಭವನದ ಕಾರ್ಯದರ್ಶಿಯೂ ಅವರೇ.

"ಕೊಟ್ರಪ್ಪನೋರೆ, ತಪ್ಪು ತಿಳೀಬೇಡಿ. ಜನ ನನ್ನನ್ನ ಕೇಳ್ತಾರೆ. ಬರೋ ವಾರ ನಾನು ಅಚ್ಚಿನ ಪುಸ್ತಕ ತಂದು ಪಕ್ಕದಲ್ಲೇ ಕೂತಿರ್ತೀನಿ. ಮತ್ತೆ ನಡುವೆ ನಿಂತ್ರೆ, ಈ ಶ್ರಾವಣ ಮುಗಿಯೋವರೆಗೂ ಓದೋದು ನಾನು ನೋಡ್ಕೋತೀನಿ."

"ಆಗಲಿ."

"ಆ ಲಿನಕ್ಸು ಗಿನಕ್ಸು ಹಾಕಿದ್ದಕ್ಕೇ ಹಿಂಗಾಗಿರೋದು ಅಂತಾನೆ ನನ್ನ ಮಗ."

ಕೊಟ್ರಪ್ಪನವರು ಲ್ಯಾಪ್‌ಟಾಪನ್ನು ಚೀಲಕ್ಕೆ ಸೇರಿಸಿದರು. ಅವರ ಕಣ್ಣಿನ ನಡುಭಾಗಕ್ಕೆ ಮಂಜು ಕವಿದು ಮೂರು ವರ್ಷವಾಗಿತ್ತು. ಅಚ್ಚಿನ ಪುಸ್ತಕ ತೆರೆದರೆ ಇರುವೆಗಳ ಸಾಲು ಅಲುಗಾಡಿದಂತೆ ಕಾಣುತ್ತಿತ್ತು. ಜವಳಿ ಅಂಗಡಿಯ ಲೆಕ್ಕದ ಕೆಲಸದಿಂದ ನಿವೃತ್ತರಾದ ಮೇಲೆ, ಕಣ್ಣು ಇನ್ನೂ ನೆಟ್ಟಗಿದ್ದಾಗ, ಅವರು ಆ ಪುರಾಣವನ್ನೆಲ್ಲ ಮಗನ ಹಳೆಯ ಲ್ಯಾಪ್‌ಟಾಪಿನಲ್ಲಿ ತಾವೇ ಟೈಪ್ ಮಾಡಿ ಇಟ್ಟುಕೊಂಡಿದ್ದರು. ಈಗ ಕಪ್ಪು ಹಿನ್ನೆಲೆಯ ಮೇಲೆ ಹೆಬ್ಬೆಟ್ಟಿನಷ್ಟು ದೊಡ್ಡ ಹಳದಿ ಅಕ್ಷರ ಮಾಡಿಕೊಂಡರೆ ಮಾತ್ರ ಓದಲು ಸಾಧ್ಯ. ಅವರಿಗೆ ಉಳಿದಿದ್ದ ಓದು ಅದೊಂದೇ.

*

"ಲಿನಕ್ಸಿನ ತಪ್ಪಂತಾ? ಯಾರಂದಿದ್ದು?" ಮಂಗಳವಾರ ಸಂಜೆ ಸೊಸೆ ಲಿಖಿತಾ ಚಹಾದ ಲೋಟ ಕೆಳಗಿಟ್ಟಳು. ಹಳೇ ಲ್ಯಾಪ್‌ಟಾಪ್ ತೆರೆದುಕೊಳ್ಳಲು ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದಾಗ ಅದರಲ್ಲಿದ್ದದ್ದನ್ನು ಅಳಿಸಿ ಲಿನಕ್ಸ್ ಎಂಬ ಹಗುರ ತಂತ್ರಾಂಶ ಹಾಕಿ ಓಡುವಂತೆ ಮಾಡಿದವಳು ಅವಳು. "ತನ್ನಿ ಮಾವ ಇಲ್ಲಿ. ನೋಡೇ ಬಿಡೋಣ."

ಅಪ್ಪಣೆ ಬರೆಯುವ ಟರ್ಮಿನಲ್ ಕಿಟಕಿ ತೆರೆದು ಒಂದು ಸಾಲು ಟೈಪ್ ಮಾಡಿದಳು. ಬ್ಯಾಟರಿಯ ಜಾತಕವೆಲ್ಲ ಸಾಲುಸಾಲಾಗಿ ಬಂತು.

"ನೋಡಿ, ಹೊಸದರಲ್ಲಿ ಐವತ್ತು ಯೂನಿಟ್ ಹಿಡೀತಿತ್ತು ಅಂತಿಟ್ಕೊಳ್ಳಿ. ಈಗಲೂ ನಲವತ್ತೇಳು ಹಿಡೀತೀನಿ ಅಂತಿದೆ. ಎಂಟು ವರ್ಷದ ಬ್ಯಾಟರಿ! ನಂಬ್ತೀರಾ?"

"ನನ್ನ ಮಂಡಿ ಅಷ್ಟು ಹಿಡಿಯಲ್ಲಮ್ಮ."

"ಅದೇ ಮತ್ತೆ. ಲಿನಕ್ಸ್ ತಾನಾಗಿ ಏನನ್ನೂ ಅಳೆಯಲ್ಲ ಮಾವ. ಬ್ಯಾಟರಿಯೊಳಗೆ ಒಂದು ಚಿಕ್ಕ ಚಿಪ್ ಇರುತ್ತೆ. ಅದು ಏನು ಬರೆದಿಡುತ್ತೋ ಅದನ್ನ ಇದು ಓದಿ ಹೇಳುತ್ತೆ."

"ಗ್ರಂಥದಲ್ಲಿ ಇದ್ದ ಹಾಗೆ."

"ಗ್ರಂಥದಲ್ಲೇ ತಪ್ಪಿದೆ. ಆ ಚಿಪ್ ಒಳಗೆ ಹೋಗಿದ್ದೆಷ್ಟು, ಹೊರಗೆ ಬಂದಿದ್ದೆಷ್ಟು ಅಂತ ಎಣಿಸ್ತಾ ಕೂತಿರುತ್ತೆ. ಎಣಿಸ್ತಾ ಎಣಿಸ್ತಾ ಚೂರು ಚೂರು ತಪ್ಪುತ್ತೆ. ಒಂದ್ಸಲ ಪೂರ್ತಿ ಖಾಲಿ ಆಗಿ, ಆಮೇಲೆ ಪೂರ್ತಿ ತುಂಬಿದ್ರೆ, ಓ, ತಳ ಇಲ್ಲಿದೆ, ಬಾಯಿ ಇಲ್ಲಿದೆ ಅಂತ ತನ್ನ ಲೆಕ್ಕ ಸರಿ ಮಾಡ್ಕೊಳ್ಳುತ್ತೆ. ಇದು ತಳ ಕಂಡು ಎಷ್ಟು ಕಾಲ ಆಯ್ತೋ ಏನೋ. ಯಾವಾಗಲೂ ಚಾರ್ಜಿಗೆ ಹಾಕೇ ಇಡೋದು ಯಾರು?"

ಇಬ್ಬರೂ ಅಡುಗೆಮನೆಯ ಕಡೆ ನೋಡಿದರು.

ಕೊಟ್ರಪ್ಪನವರ ಹೆಂಡತಿ ಸಿದ್ದಗಂಗಮ್ಮನವರು ತುಮಕೂರು ಸೀಮೆಯ ಹಳ್ಳಿಯವರು. ಮನೆಯಲ್ಲಿ ಯಾವುದೂ ಬರಿದಾಗಬಾರದು ಎಂಬುದು ಅವರ ವ್ರತ. ಅಕ್ಕಿಡಬ್ಬ ತಳ ಮುಟ್ಟುವ ಮೊದಲೇ ಹೊಸ ಅಕ್ಕಿ ಬಂದು ಅದರ ಮೇಲೆ ಬೀಳಬೇಕು. ಅಕಸ್ಮಾತ್ ತೀರಿದರೂ 'ಅಕ್ಕಿ ಮುಗೀತು' ಎನ್ನುವಂತಿಲ್ಲ, 'ಅಕ್ಕಿ ಹೆಚ್ಚಿತು' ಎನ್ನಬೇಕು. ದೀಪ ಆರಿತು ಎನ್ನುವಂತಿಲ್ಲ, ದೊಡ್ಡದಾಯಿತು ಎನ್ನಬೇಕು. ಲ್ಯಾಪ್‌ಟಾಪಿನ ಮೂಲೆಯ ಅಂಕಿ ತೊಂಬತ್ತಕ್ಕೆ ಇಳಿದದ್ದು ಕಣ್ಣಿಗೆ ಬಿದ್ದರೆ ಸಾಕು, ನಂದಾದೀಪಕ್ಕೆ ಎಣ್ಣೆ ಎರೆದಷ್ಟೇ ಸಹಜವಾಗಿ ಹೋಗಿ ವೈರು ಸಿಕ್ಕಿಸಿಬಿಡುತ್ತಿದ್ದರು. ಹೇಳಿ ಕೇಳಿ ಅದರೊಳಗೆ ಪುರಾಣವಿದೆ.

"ಅತ್ತೆ, ನಾಳೆ ಇದನ್ನ ಪೂರ್ತಿ ಖಾಲಿ ಮಾಡಬೇಕು," ಎಂದಳು ಲಿಖಿತಾ. "ಯಾರೂ ಮುಟ್ಟಬಾರದು."

"ಖಾಲಿ ಅನ್ನಬೇಡ ಮುಸ್ಸಂಜೇಲಿ," ಎಂದು ಒಳಗಿನಿಂದ ಉತ್ತರ ಬಂತು.

*

ಮರುದಿನ ಬೆಳಿಗ್ಗೆ ಲಿಖಿತಾ ವೈರು ಕಿತ್ತು, ಪರದೆಯ ಬೆಳಕನ್ನು ಪೂರ್ತಿ ಏರಿಸಿ, ಪುರಾಣದ ಪುಟಗಳು ತಾವಾಗಿಯೇ ಸರಿಯುತ್ತಿರುವಂತೆ ಮಾಡಿ ಮಹಡಿ ಕೋಣೆಗೆ ಆಫೀಸಿನ ಕೆಲಸಕ್ಕೆ ಹೋದಳು. ಊಟಕ್ಕೆ ಇಳಿದು ಬಂದು ನೋಡಿದರೆ ಅಂಕಿ ತೊಂಬತ್ತೇಳು. ವೈರು ಸಿಕ್ಕಿಸಿತ್ತು.

"ಅತ್ತೆ!"

"ಹೂಂ, ನಾನೇ. ಎಪ್ಪತ್ತಕ್ಕಿಳಿದಿತ್ತು. ಅದರ ಪಾಡಿಗೆ ಅದು ಓದ್ಕೊಂಡು ಓದ್ಕೊಂಡು ಸೊರಗ್ತಿತ್ತು, ಕೇಳೋರು ಯಾರೂ ಇರ್ಲಿಲ್ಲ."

"ಸೊರಗಲಿ ಅಂತಲೇ ಬಿಟ್ಟಿದ್ದು!"

"ನೀನು ಹೇಳಿದ್ದು ಕಿವೀಗೆ ಬಿತ್ತು ಕಣವ್ವ. ಕೈ ಕೇಳಬೇಕಲ್ಲ."

ಅದರ ಮರುದಿನ ಲಿಖಿತಾ ಮೇಜಿನ ಪಕ್ಕದ ಪ್ಲಗ್ಗಿಗೆ ಅಗಲವಾದ ಟೇಪ್ ಅಂಟಿಸಿ ಹೋದಳು. ಸಿದ್ದಗಂಗಮ್ಮನವರು ಸೊಸೆಯ ಮಾತು ಮೀರಲಿಲ್ಲ, ಟೇಪು ಮುಟ್ಟಲಿಲ್ಲ. ಲ್ಯಾಪ್‌ಟಾಪನ್ನು ಸೆರಗಿನಲ್ಲಿ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಮಿಕ್ಸಿಯ ಪ್ಲಗ್ಗಿಗೆ ಹಾಕಿದರು.

ಈ ಸಲ ಲಿಖಿತಾ ಕೂಗಾಡಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತಳು.

"ಅತ್ತೆ, ಸೋಮವಾರ ಇದು ಮತ್ತೆ ಸುಳ್ಳು ಹೇಳಿದ್ರೆ ಮಾವನ ಪೀಠ ಹೋಗುತ್ತೆ. ಅದನ್ನಾದ್ರೂ ಯೋಚನೆ ಮಾಡಿ."

ಸಿದ್ದಗಂಗಮ್ಮನವರು ಒಲೆ ಸಣ್ಣ ಮಾಡಿದರು. "ನನಗೆ ಗೊತ್ತಿಲ್ವಾ ಮಗಾ? ಈ ಓದು ಹೋದ್ರೆ ಅವರು ಇಡೀ ದಿನ ಗೋಡೆ ನೋಡ್ಕೊಂಡು ಕೂತಿರ್ತಾರೆ. ಆದ್ರೆ ಶ್ರಾವಣದಲ್ಲಿ, ಪುರಾಣ ಇರೋ ವಸ್ತೂನ ನನ್ನ ಕಣ್ಣೆದುರಿಗೇ ಉಸಿರು ಕಟ್ಟಿ ಕತ್ತಲಾಗಲಿ ಅಂತ ಬಿಡು ಅಂದ್ರೆ ಹೆಂಗೆ? ನನ್ನ ಕೈಯಲ್ಲಿ ಆಗಲ್ಲ."

ನಡುಮನೆಯಲ್ಲಿ ಕೂತಿದ್ದ ಕೊಟ್ರಪ್ಪನವರಿಗೆ ಇದೆಲ್ಲ ಕೇಳಿಸುತ್ತಿತ್ತು. ಹೆಂಡತಿಯನ್ನು ಅವರು ಯಾವ ಕಾಲಕ್ಕೂ ಜೋರಾಗಿ ಗದರಿದವರಲ್ಲ. ಕೂತಲ್ಲಿಂದಲೇ ಕೇಳಿದರು: "ಗಂಗಾ, ನಿಮ್ಮಪ್ಪನ ಮನೇಲಿ ಹಗೇವು ಯಾವಾಗ ತೆಗೀತಿದ್ರು?"

"ಈಗ್ಯಾಕೆ ಹಗೇವು?"

"ಹಗೇವು ಅಂದ್ರೆ?" ಎಂದಳು ಲಿಖಿತಾ.

ಯಾರಾದರೂ ಹಳ್ಳಿಯ ವಿಷಯ ಕೇಳಿದರೆ ಸಿದ್ದಗಂಗಮ್ಮನವರಿಗೆ ಕೈಯಲ್ಲಿದ್ದ ಸೌಟು ಮರೆತುಹೋಗುತ್ತಿತ್ತು. "ರಾಗಿ ತುಂಬಿಡೋ ಗುಂಡಿ ಕಣವ್ವ, ನೆಲದೊಳಗೆ ತೋಡಿರ್ತಾರೆ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ನಮ್ಮನೇದು ಅಂಗಳದಲ್ಲೇ ಇತ್ತು. ನಮ್ಮ ಮುತ್ತಜ್ಜಿ ಕಾಲದಲ್ಲಿ ಅದನ್ನ ಯಾವತ್ತೂ ತಳದವರೆಗೆ ತೆಗೀತಿರ್ಲಿಲ್ವಂತೆ. ಬರಿದಾಗಬಾರದಲ್ಲ! ಹಳೇದರ ಮೇಲೆ ಹೊಸದು ಸುರಿಯೋರು, ತೆಗೆಯೋದೂ ಮೇಲಿಂದ್ಲೇ. ಯಾವಾಗ ಬಾಯಿ ತೆಗೆದ್ರೂ ಕಂಠಮಟ್ಟ ರಾಗಿ. ಊರೋರು ನೋಡಿ ಇವರ ಮನೇಲಿ ಹತ್ತು ವರ್ಷಕ್ಕಾಗೋವಷ್ಟಿದೆ ಅನ್ನೋರು. ಇವರೂ ಅದನ್ನೇ ನಂಬ್ಕೊಂಡಿದ್ರು."

"ಆಮೇಲೆ?"

"ಆಮೇಲೇನು, ಮನೇಲಿ ಮದುವೆ ಬಂತು. ಮುನ್ನೂರು ಎಲೆ ಊಟ. ಹಗೇವಿಗೆ ಆಳು ಇಳಿಸಿದ್ರೆ, ಸೊಂಟದ ಮಟ್ಟಕ್ಕೆ ಬಗೆಯೋವಷ್ಟರಲ್ಲಿ ಮುಗ್ಗು ವಾಸನೆ. ಕೆಳಗಿಂದೆಲ್ಲ ಕರ್ರಗೆ ಮಣ್ಣಾಗಿದೆ. ಬೀಗರು ಚಪ್ಪರದಲ್ಲಿ ಕೂತವ್ರೆ! ಮುತ್ತಜ್ಜಿ ಮೂರು ಮನೆ ಬಾಗಿಲಿಗೆ ಮೊರ ಹಿಡ್ಕೊಂಡು ಹೋಗಿ ಕಡ ತಂದು ಮಾನ ಉಳಿಸಿದ್ಲಂತೆ. ಅವತ್ತೇ ಕಟ್ಟಳೆ ಮಾಡಿದ್ಲು. ವರ್ಷಕ್ಕೊಂದು ಸಲ, ಹೊಸ ರಾಗಿ ಬರೋಕೆ ಮುಂಚೆ, ಹಗೇವು ತಳದವರೆಗೆ ತೆಗೀಬೇಕು, ಗುಡಿಸಬೇಕು, ಹುಲ್ಲು ಉರಿಸಿ ಹೊಗೆ ಹಾಕಬೇಕು. ಆಮೇಲೇ ತುಂಬೋದು."

"ಬರಿದಾಗಬಾರದು ಅಂತ ವ್ರತ ಇತ್ತಲ್ಲ, ಅದಕ್ಕೇನು ಮಾಡಿದ್ರು?" ಎಂದರು ಕೊಟ್ರಪ್ಪನವರು, ಗೊತ್ತಿಲ್ಲದವರಂತೆ.

"ಅದಕ್ಕೆ ಮೊದಲೇ ಒಂದು ಮೊರ ಒಳ್ಳೆ ರಾಗಿ ತೆಗೆದು ದೇವರ ಮುಂದೆ ಇಡೋರು. ಹಗೇವು ಬರಿದಾದ್ರೂ ಮನೆ ಬರಿದಾಗಲಿಲ್ಲ ಅಂತ." ಹೇಳುತ್ತ ಹೇಳುತ್ತ ಅವರ ದನಿ ನಿಧಾನವಾಯಿತು. ಸೌಟು ಕೆಳಗಿಟ್ಟು ಲ್ಯಾಪ್‌ಟಾಪನ್ನು ನೋಡಿದರು, ಗಂಡನನ್ನು ನೋಡಿದರು. "ಬೆರಕಿ ಮುದುಕ," ಎಂದು ಗೊಣಗಿದರು. ಆಮೇಲೆ ಸೊಸೆಯನ್ನು ಕೇಳಿದರು: "ಇದರೊಳಗಿನ ಪುರಾಣಾನ ಮೊದಲೇ ಹೊರಗೆ ತೆಗೆದು ಇಡಕ್ಕಾಗುತ್ತಾ?"

"ಪೆನ್ ಡ್ರೈವಿಗೆ ಹಾಕಬಹುದು ಅತ್ತೆ. ಇಷ್ಟು ದಿನ ಹಾಕದೇ ಇದ್ದಿದ್ದೇ ತಪ್ಪು."

"ಹಾಗಾದ್ರೆ ಹಾಕು. ಆದ್ರೆ ನಾಳೆ ಬೇಡ, ಶುಕ್ರವಾರ. ಶನಿವಾರ ಮಾಡು."

*

ಶನಿವಾರ ಬೆಳಿಗ್ಗೆ ಸಿದ್ದಗಂಗಮ್ಮನವರು ಲಿಂಗಪೂಜೆ ಮುಗಿಸಿದ ಮೇಲೆ ಪುಟ್ಟ ಬೆಳ್ಳಿ ತಟ್ಟೆ ಹಿಡಿದು ಬಂದರು. ಲಿಖಿತಾ ಅದರಲ್ಲಿ ಪೆನ್ ಡ್ರೈವ್ ಇಟ್ಟಳು. ಅವರು ಅದನ್ನು ದೇವರ ಗೂಡಿನಲ್ಲಿ ದೀಪದ ಪಕ್ಕಕ್ಕಿಟ್ಟು ಮೇಲೊಂದು ಬಿಲ್ವಪತ್ರೆ ಏರಿಸಿ, ಮೂರು ಬೆರಳಿಂದ ವಿಭೂತಿ ಎಳೆಯಲು ಹೋದರು.

"ಅತ್ತೆ, ಅತ್ತೆ, ಹಿಂದುಗಡೆ ಹಚ್ಚಿ! ಪಿನ್ ಒಳಗೆ ಪುಡಿ ಹೋದ್ರೆ ಕೆಟ್ಟೋಗುತ್ತೆ!"

"ಗೊತ್ತು ಕಣೆ. ನನಗೇನು ಹಿಂದು ಮುಂದು ತಿಳಿಯಲ್ವಾ?"

ಆ ದಿನ ವೈರು ಸಿಕ್ಕಿಸಲು ಯಾರೂ ಹೋಗಲಿಲ್ಲ. ಪುರಾಣದ ಹಳದಿ ಅಕ್ಷರಗಳು ಮೇಜಿನ ಮೇಲೆ ತಮ್ಮಷ್ಟಕ್ಕೆ ಮೇಲೇರುತ್ತಿದ್ದವು. ಸಿದ್ದಗಂಗಮ್ಮನವರು ಎದುರಿಗೆ ಕೂತು ಬಟಾಣಿ ಸುಲಿದರು. ಮಧ್ಯಾಹ್ನವಾಗುವ ಮೊದಲೇ, ಅಂಕಿ ಐವತ್ತೊಂದು ಇದ್ದಾಗಲೇ, ಪರದೆ ಕತ್ತಲಾಯಿತು.

"ದೊಡ್ಡದಾಯ್ತು," ಎಂದರು.

"ಇನ್ನೂ ಒಂಚೂರು ಉಳಿದಿರುತ್ತೆ ಅತ್ತೆ." ಲಿಖಿತಾ ಗುಂಡಿ ಒತ್ತಿ ಲಿನಕ್ಸ್ ಏಳುವ ಮೊದಲೇ ಸೆಟ್ಟಿಂಗಿನ ನೀಲಿ ಪರದೆಯಲ್ಲಿ ನಿಲ್ಲಿಸಿದಳು. ಅದು ಸ್ವಲ್ಪ ಹೊತ್ತು ಉರಿದು ಆರಿತು. ಮತ್ತೆ ಒತ್ತಿದಳು, ಚಣಕ್ಕೆ ಮಿನುಗಿ ಹೋಯಿತು. ಕೊನೆಗೆ ಒತ್ತಿದರೂ ದೀಪವೇ ಹತ್ತಲಿಲ್ಲ. "ಈಗ ತಳ ಮುಟ್ಟಿತು. ಸಾಯಂಕಾಲದವರೆಗೆ ತಣ್ಣಗಿರಲಿ. ಆಮೇಲೆ ಚಾರ್ಜಿಗೆ ಹಾಕಿದ್ರೆ ನಾಳೆ ಬೆಳಿಗ್ಗೆವರೆಗೂ ಕೀಳೋ ಹಾಗಿಲ್ಲ. ಮಿಕ್ಸಿಗೂ ಆ ಪ್ಲಗ್ ಕೊಡಬೇಡಿ."

"ಚಟ್ನಿ ಒರಳಲ್ಲಿ ರುಬ್ತೀನಿ ಬಿಡು."

ಭಾನುವಾರ ಬೆಳಿಗ್ಗೆ ಮೂವರೂ ಮೇಜಿನ ಸುತ್ತ ನಿಂತರು. ಲಿಖಿತಾ ಮತ್ತೆ ಅದೇ ಸಾಲು ಟೈಪ್ ಮಾಡಿದಳು. ಮೂಲೆಯ ಅಂಕಿ ನೂರು ಎನ್ನುತ್ತಿತ್ತು. ಆದರೆ ಹಿಂದೆ ನಲವತ್ತೇಳು ಹಿಡಿಯುತ್ತೇನೆ ಎಂದಿದ್ದ ಬ್ಯಾಟರಿ ಈಗ ಇಪ್ಪತ್ತೆರಡು ಎಂದಿತು.

"ರಿಪೇರಿ ಮಾಡಿ ಅರ್ಧ ಕಮ್ಮಿ ಆಯ್ತಲ್ಲಮ್ಮ!" ಎಂದರು ಕೊಟ್ರಪ್ಪನವರು.

"ಕಮ್ಮಿ ಆಗಿಲ್ಲ ಮಾವ. ಇದ್ದಿದ್ದೇ ಇಷ್ಟು. ಈಗ ಒಪ್ಕೊಳ್ತಿದೆ."

"ಹೊಸದು ಸಿಗಲ್ವಾ?" ಎಂದರು ಸಿದ್ದಗಂಗಮ್ಮ.

"ಜಯನಗರದ ಅಂಗಡೀಲಿ ಕೇಳ್ದೆ ಅತ್ತೆ. ಹಳೇ ಮಾಡೆಲ್ಲು, ತರಿಸಿಕೊಡ್ತಾರಂತೆ. ಶ್ರಾವಣ ಕಳೆದ ಮೇಲೆ ಬರುತ್ತೆ."

ಕೊಟ್ರಪ್ಪನವರು ಸ್ನಾನಕ್ಕೆ ಎದ್ದರು. ಪೂಜೆಯನ್ನೂ ಮುಗಿಸಿ ಬಂದು ವೈರು ಕಿತ್ತು ಲ್ಯಾಪ್‌ಟಾಪ್ ಮುಂದೆ ಕೂತರು. ಕಳೆದ ವರ್ಷದ ಒಂದು ಸಂಧಿ ತೆರೆದು, ಭವನದಲ್ಲಿ ಓದುವ ಹಾಗೆಯೇ ಓದಿ, ಎದುರಿಗೆ ಜನ ಇದ್ದಾರೆಂಬಂತೆ ಅರ್ಥ ಹೇಳಿದರು. ಪ್ರತಿ ಪದ್ಯ ಮುಗಿದಾಗಲೂ ಸೊಸೆಯನ್ನು ಕೂಗಿ ಮೂಲೆಯ ಅಂಕಿ ಕೇಳುತ್ತಿದ್ದರು. ಎರಡನೆಯ ಸಲ ಇಳಿದು ಬರುವಷ್ಟರಲ್ಲಿ ಸೊಸೆಗೆ ಸಾಕಾಯಿತು. ಅವಳು ಆ ಅಂಕಿಯನ್ನೂ ಹೆಬ್ಬೆಟ್ಟಿನ ಗಾತ್ರದ ಹಳದಿ ಮಾಡಿ ಅವರ ಕಣ್ಣಿಗೇ ಕಾಣಿಸುವಂತೆ ಇಟ್ಟು ಹೋದಳು. ಅರ್ಥಸಹಿತ ಒಂದು ಪದ್ಯಕ್ಕೆ ಎರಡು ಇಳಿಯುತ್ತಿತ್ತು. ಅದು ಎಲ್ಲೂ ಹಾರಲಿಲ್ಲ, ಎಲ್ಲೂ ಕುಸಿಯಲಿಲ್ಲ. ಮೆಟ್ಟಿಲಿಳಿಯುವ ವಯಸ್ಸಾದವರ ಹಾಗೆ ಒಂದೊಂದೇ ಇಳಿಯಿತು. ಕೊನೆಗೆ ಪರದೆ ಕತ್ತಲಾದಾಗ ಅಂಕಿ ಎರಡಿತ್ತು.

ಕೊಟ್ರಪ್ಪನವರು ಕಣ್ಣುಮುಚ್ಚಿ ಕೈಮುಗಿದರು. ಯಾರಿಗೆ ಎಂದು ಸಿದ್ದಗಂಗಮ್ಮ ಕೇಳಲಿಲ್ಲ. ವೈರು ತಂದು ಕೊಟ್ಟರು.

*

ಸೋಮವಾರ ಲಿಖಿತಾ ಕೂಡ ಭವನಕ್ಕೆ ಬಂದಳು. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಫ್ಯಾನುಗಳು ನಿಂತವು. ಇನ್ವರ್ಟರು ಒಂದು ಸಲ ಕೆಮ್ಮಿ ಎರಡು ಟ್ಯೂಬ್‌ಲೈಟ್ ಹೊತ್ತಿಸಿತು. ಪೀಠದ ಪಕ್ಕದಲ್ಲೇ ಸೋಮನಾಥ್ ಕೂತಿದ್ದರು, ಕೆಂಪು ವಸ್ತ್ರದಲ್ಲಿ ಸುತ್ತಿದ ಪುಸ್ತಕ ತೊಡೆಯ ಮೇಲಿತ್ತು. ಅವರ ಕಣ್ಣು ಲ್ಯಾಪ್‌ಟಾಪಿನ ಮೂಲೆಯ ಮೇಲೆಯೇ ಇತ್ತು.

"ಮೊದ್ಲು ಅವನಿಗೆ ಊಟಕ್ಕಿಕ್ಕಿ," ಎಂದರು ಮಂಗಮ್ಮ.

ಕೊಟ್ರಪ್ಪನವರು ಗುರುಗಳನ್ನು ನೆನೆದು ಬಿಟ್ಟ ಪದ್ಯದಿಂದಲೇ ಎತ್ತಿಕೊಂಡರು. ಶರಣನ ಹೆಂಡತಿ ಸೆರಗು ಬಿಗಿದು ಬೀಸುಕಲ್ಲಿನ ಮುಂದೆ ಕೂತಳು. ಮೇಲಿನ ಕಲ್ಲೆತ್ತಿ, ಸಂದಿಯಲ್ಲಿ ಕೂತಿದ್ದ ಹಿಟ್ಟನ್ನು ಸೆರಗಿನ ತುದಿಯಿಂದ ಒರೆಸಿ ಒರೆಸಿ ತೆಗೆದಳು. ಬೊಗಸೆಯಷ್ಟಾಯಿತು. ಅದರಲ್ಲಿ ಅಂಬಲಿ ಕಾಯಿಸಿ, ಎಲೆಯನ್ನು ಎತ್ತಿ ಬಟ್ಟಲು ಇಟ್ಟು ಬಡಿಸಿದಳು. ಅತಿಥಿ ಕುಡಿದು, ತಂಪಾಯಿತು ತಾಯಿ ಎಂದ.

"ಸದ್ಯ," ಎಂದು ಮಂಗಮ್ಮ ಗಟ್ಟಿಯಾಗಿಯೇ ಹೇಳಿದರು. "ಒಂದು ವಾರ ಕೂತಿದ್ನಲ್ಲಪ್ಪ ಪಾಪ."

ಕತೆ ಮುಂದೆ ನಡೆಯಿತು. ಅತಿಥಿ ಯಾರೆಂದು ತಿಳಿದದ್ದು, ಶರಣ ದಂಪತಿ ಅಡ್ಡಬಿದ್ದದ್ದು, ಬೀಸುಕಲ್ಲಿನ ಮುಂದೆ ಅವಳು ಹಾಡಿದ್ದು ಎಲ್ಲವೂ ಬಂತು. ಹಳದಿ ಅಂಕಿ ಎರಡೆರಡಾಗಿ ಇಳಿಯಿತು. ಎಪ್ಪತ್ತು ದಾಟಿ, ಅರವತ್ತು ದಾಟಿ, ಐವತ್ತೆರಡಕ್ಕೆ ಬಂದಾಗ ಸೋಮನಾಥ್ ಪುಸ್ತಕದ ಗಂಟು ಬಿಚ್ಚಿದರು. ಲಿಖಿತಾ ಅಂಕಿ ಕಾಣುವ ಹಾಗೆ ಮುಂದೆ ಸರಿದಳು. ಐವತ್ತಾಯಿತು, ನಲವತ್ತೆಂಟಾಯಿತು. ಅಕ್ಷರಗಳು ಅಲ್ಲಾಡಲಿಲ್ಲ. ಸಂಧಿಯ ಕೊನೆಯ ಪದ್ಯಕ್ಕೆ ಅಂಕಿ ನಲವತ್ತಾರು. ಕೊಟ್ರಪ್ಪನವರು ಸಂಧಿಗೆ ಮಂಗಲ ಹೇಳಿದರು, ಜನ ತಲೆಯ ಮೇಲೆ ಕೈಯೆತ್ತಿದರು.

ಇನ್ನು ಆ ದಿನದ ಸಂಧಿ. ಕರೆಂಟು ಬಂದಿರಲಿಲ್ಲ.

"ಹೂಂ, ಎತ್ತಿಕೊಳ್ಳಿ ಕೊಟ್ರಪ್ಪನೋರೆ," ಎಂದರು ಹಿಂದಿನ ಸಾಲಿನವರು. "ಈ ಸಲ ಗಟ್ಟಿಯಾಗಿದೆ ಬ್ಯಾಟ್ರಿ." ಸೋಮನಾಥ್ ಕೂಡ ಪುಸ್ತಕಕ್ಕೆ ಮತ್ತೆ ವಸ್ತ್ರ ಸುತ್ತತೊಡಗಿದ್ದರು. "ಅರ್ಧ ಹತ್ರ ಇದೆಯಲ್ಲ. ಶುರು ಮಾಡಿ. ನನ್ನಿಂದ ನಿಮಗೆ ತೊಂದ್ರೆ ಆಯ್ತು," ಎಂದರು.

ಕೊಟ್ರಪ್ಪನವರು ಮುಂದಿನ ಸಂಧಿ ತೆರೆದರು. ಮೊದಲ ಪದ್ಯ ಅವರಿಗೆ ಬಹಳ ಇಷ್ಟದ್ದು. ಪರದೆಯ ತುಂಬ ಹಳದಿಯಾಗಿ ಅದು ನಿಂತಿತ್ತು, ಬಾಯಿಗೆ ಬಂದೂ ಆಗಿತ್ತು. ಅವರು ಕೀಲಿಯ ಮೇಲೆ ಬೆರಳಿಟ್ಟುಕೊಂಡು ಮೂಲೆಯ ಅಂಕಿ ನೋಡಿದರು. ಸಂಧಿಯಲ್ಲಿ ಅರವತ್ತಕ್ಕೆ ಮೇಲೆ ಪದ್ಯ. ಪದ್ಯಕ್ಕೆ ಎರಡರಂತೆ ಈ ಬ್ಯಾಟರಿ ಇಪ್ಪತ್ತಮೂರರವರೆಗೆ ಬರುತ್ತದೆ. ಇಪ್ಪತ್ತಮೂರನೆಯ ಪದ್ಯದಲ್ಲಿ ಒಬ್ಬ ತಾಯಿ ಹೊಳೆಯ ನಡುವೆ ಹರಿಗೋಲಿನಲ್ಲಿ ಕೂತಿರುತ್ತಾಳೆ, ಮಡಿಲಲ್ಲಿ ಕೂಸು.

ಅವರು ಲ್ಯಾಪ್‌ಟಾಪ್ ಮುಚ್ಚಿದರು.

"ಸೋಮಣ್ಣ, ವಸ್ತ್ರ ಬಿಚ್ಚಿ. ಈ ಸಂಧಿ ನೀವು ಓದಿ. ಅರ್ಥ ನಾನು ಹೇಳ್ತೀನಿ."

"ಯಾಕೆ? ಇನ್ನೂ ನಲವತ್ತಾರು ಇದೆ!"

"ಇದೆ. ಸಾಲಲ್ಲ."

ಪೀಠದಿಂದ ಒಂದು ಪಕ್ಕಕ್ಕೆ ಸರಿದು ಜಾಗ ಮಾಡಿದರು. ಸೋಮನಾಥ್ ತಬ್ಬಿಬ್ಬಾದರು. ಬರುವಾಗ ಓದಿಬಿಡುವೆನೆಂದೇ ಬಂದವರು, ಈಗ ನಲವತ್ತು ಜನರ ಕಣ್ಣು ತಮ್ಮ ಕಡೆ ತಿರುಗಿದಾಗ ಕನ್ನಡಕ ಒರೆಸಿದರು, ಮತ್ತೆ ಒರೆಸಿದರು.

"ಓದಪ್ಪ, ಮೊಳೆ ತೂಗೋವಾಗ ಬಾಯಿ ನಿಲ್ಲಲ್ಲ ನಿಂಗೆ," ಎಂದರು ಮಂಗಮ್ಮ.

ಸೋಮನಾಥ್ ಶುರು ಮಾಡಿದರು. ಮೊದಲ ಸಾಲಿನಲ್ಲೇ ನಾಲ್ಕು ಪದ ಹೆಣೆದುಕೊಂಡ ಜಾಗದಲ್ಲಿ ಮುಗ್ಗರಿಸಿ ನಿಂತರು. ಆ ಸಾಲು ಕೊಟ್ರಪ್ಪನವರ ನಾಲಗೆಯ ತುದಿಯಲ್ಲಿತ್ತು. ಅವರು ಹೇಳಿಕೊಡಲಿಲ್ಲ.

"ನಿಧಾನ. ಅವಸರ ಏನಿಲ್ಲ. ಅಲ್ಲಿ ಏನು ಬರೆದಿದೆಯೋ ಅದನ್ನೇ ಓದಿ."

ಸೋಮನಾಥ್ ಬೆರಳಿಟ್ಟುಕೊಂಡು ಪದ ಬಿಡಿಸಿದರು. ಎರಡನೆಯ ಸಲಕ್ಕೆ ಸಾಲು ಸರಾಗವಾಗಿ ಹೊರಟಿತು. ಕೊಟ್ರಪ್ಪನವರು ಕಣ್ಣು ಮುಚ್ಚಿ ಕೇಳಿದರು. ಎಷ್ಟೋ ವರ್ಷಗಳಿಂದ ಪುರಾಣ ಅವರಿಗೆ ಕಣ್ಣಿನ ಕೆಲಸವಾಗಿತ್ತು. ಸಾಲು ತಪ್ಪದ ಹಾಗೆ, ಅಕ್ಷರ ಜಾರದ ಹಾಗೆ ಹಿಡಿದುಕೊಂಡು ಹೋಗುವ ಕೆಲಸ. ಇನ್ನೊಬ್ಬರ ಬಾಯಿಂದ ಅದು ಬರುವಾಗ ಅವರಿಗೆ ಬೇಕಾದದ್ದು ಕಿವಿಯೊಂದೇ. ಪದ್ಯ ಮುಗಿದ ಮೇಲೆ ಕಣ್ಣು ತೆರೆದು ಅರ್ಥ ಹೇಳತೊಡಗಿದರು. ಆ ಸಂಜೆ ಅವರ ಅರ್ಥ ಎಂದಿಗಿಂತ ಉದ್ದವಾಯಿತೆಂದು ಲಿಖಿತಾಳಿಗೆ ಅನ್ನಿಸಿತು. ಅಂಕಿ ನೋಡಬೇಕಾದ ಹಂಗಿರಲಿಲ್ಲ.

ತಾಯಿ ಕೂಸನ್ನೆತ್ತಿಕೊಂಡು ಆಚೆ ದಡ ಸೇರಿದಳು. ಸಂಧಿ ಮುಗಿಯಿತು. ಮಂಗಳಾರತಿಯ ತಟ್ಟೆ ಎಲ್ಲರ ಮುಂದೆ ಸುತ್ತಿ ಬಂದರೂ ಕರೆಂಟು ಬರಲಿಲ್ಲ.

ಜನ ಪ್ರಸಾದಕ್ಕೆ ಎದ್ದ ಮೇಲೆ ಸೋಮನಾಥ್ ಟವೆಲಿನಿಂದ ಕತ್ತು ಒರೆಸಿಕೊಂಡರು. "ನನ್ನ ಅಂಗಿ ಪೂರ್ತಿ ನೆಂದೋಯ್ತು. ಹೊಸ ಬ್ಯಾಟರಿ ಬಂದ್ಮೇಲೆ ನೀವೇ ಓದಿ ಮಾರಾಯ್ರೆ. ನನಗೆ ಅಂಗಡಿನೇ ವಾಸಿ."

"ಬರೋ ಸೋಮವಾರ ಕರೆಂಟಿದ್ರೆ ಪೂರ್ತಿ ಓದ್ತೀನಿ. ಇಲ್ಲದಿದ್ರೆ ಬ್ಯಾಟರಿ ಎಳೆಯೋವಷ್ಟು ನಾನು, ಮಿಕ್ಕಿದ್ದು ನೀವು. ಆ ಸಂಧೀಲಿ ಎಷ್ಟು ಪದ್ಯ ಇದೆ, ಈಗ್ಲೇ ಎಣಿಸಿ ಹೇಳಿ."

"ಈಗ್ಲೇನಾ?"

"ಈಗ್ಲೇ."

ಸೋಮನಾಥ್ ಬೆರಳಿಗೆ ಎಂಜಲು ಮುಟ್ಟಿಸಲು ಹೋಗಿ, ಗ್ರಂಥವೆಂದು ನೆನಪಾಗಿ, ತೀರ್ಥದ ಬಟ್ಟಲಲ್ಲಿ ಅದ್ದಿಕೊಂಡರು. ಟ್ಯೂಬ್‌ಲೈಟಿನ ಕೆಳಗೆ ಪುಟ ತಿರುವಿ ಎಣಿಸತೊಡಗಿದರು. ಕೊಟ್ರಪ್ಪನವರು ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕಾದರು.